ನಡೆದ ದಾರಿಗೆ ರೊಕ್ಕ, ರೊಕ್ಕಕ್ಕೆ ಲೆಕ್ಕ

ಯುಗಾದಿ ಹತ್ತಿರ ಬಂತೆಂದರೆ ಶ್ರೀಶೈಲಕ್ಕೆ ನಡೆದು ಹೋಗುವವರ ಸಾಲು ನಮ್ಮ ಭಾಗದ ರಸ್ತೆಗಳಲ್ಲಿ ಕಾಣುತ್ತದೆ. ದಾರಿಯ ಊರವರು ಕರೆದು ಮಜ್ಜಿಗೆ ಕೊಡುತ್ತಾರೆ, ಊಟಕ್ಕೆ ಹಾಕುತ್ತಾರೆ, ಬೊಬ್ಬೆ ಬಂದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ನಡೆಯುವವನಿಗೆ ಕೈಲಾದದ್ದು ಕೊಡುವುದು ಈ ನಾಡಿಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಇದೇ ಗುಣವನ್ನು ಕಾಡು-ಪ್ರಾಣಿಗಳ ಉಳಿವಿಗೆ ಯಾಕೆ ಬಳಸಬಾರದು? ಇಂಗ್ಲೆಂಡಿನಲ್ಲಿ 1960ರ ದಶಕದಿಂದಲೂ ಇಂಥ ನಡಿಗೆಗಳು ರೂಢಿಯಲ್ಲಿವೆ. ನಡೆಯುವವ ಮೊದಲೇ ಒಂದು ಕಾರ್ಡು ಹಿಡಿದು ಪರಿಚಯದವರ ಹತ್ತಿರ ಹೋಗುತ್ತಾನೆ. ಅವರು ಕಿಲೋಮೀಟರಿಗೆ ಇಷ್ಟು ಎಂದು ಬರೆದು ಸಹಿ ಹಾಕುತ್ತಾರೆ. ದಾರಿಯ ಠಾಣ್ಯಗಳಲ್ಲಿ ಕಾರ್ಡಿಗೆ ಶಿಕ್ಕೆ ಬೀಳುತ್ತದೆ. ಎಷ್ಟು ನಡೆದನೋ ಅಷ್ಟಕ್ಕೇ ವಸೂಲಿ. ಲೆಕ್ಕ ಕಿರಾಣಿ ಅಂಗಡಿಯಷ್ಟೇ ಸರಳ: 50 ಕಿಲೋಮೀಟರು ನಡೆಯುವವನಿಗೆ 20 ಮಂದಿ ತಲಾ 1 ರೂಪಾಯಿಯಂತೆ ಒಪ್ಪಿದರೆ 1,000 ರೂಪಾಯಿ. ಅಂಥವರು 100 ಜನ ನಡೆದರೆ 1 ಲಕ್ಷ.

ಕರ್ನಾಟಕಕ್ಕೆ ಪರಿಸರದ ನಡಿಗೆ ಹೊಸದೇನಲ್ಲ. 1987ರ ನವೆಂಬರಿನಲ್ಲಿ ಪಶ್ಚಿಮ ಘಟ್ಟ ಉಳಿಸಿ ನಡಿಗೆ ಕನ್ಯಾಕುಮಾರಿಯಿಂದ ಒಂದು ಕಡೆ, ಮಹಾರಾಷ್ಟ್ರದ ನವಾಪುರದಿಂದ ಇನ್ನೊಂದು ಕಡೆ ಹೊರಟು, 1988ರ ಫೆಬ್ರುವರಿಯಲ್ಲಿ ಗೋವೆಯಲ್ಲಿ ಕೂಡಿತು. ಅದು ರೊಕ್ಕ ಕೂಡಿಸಲಿಲ್ಲ, ಜನರ ಕಣ್ಣು ತೆರೆಸಿತು. ಎರಡೂ ಒಟ್ಟಿಗೆ ಆದರೆ ತಪ್ಪೇನು?

ನಮ್ಮ ಜಿಲ್ಲೆಗೆ ಕಪ್ಪತಗುಡ್ಡವೇ ಇದೆ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಸಾರಿತು, 2016ರಲ್ಲಿ ಅದೇ ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತು. ತೋಂಟದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದುಗಿನ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಆದೇಶ ಬಂತು. 2019ರಲ್ಲಿ 244 ಚದರ ಕಿಲೋಮೀಟರಿಗೂ ಮಿಗಿಲಾದ ಗುಡ್ಡ ವನ್ಯಜೀವಿಧಾಮವಾಯಿತು. ಆದೇಶ ಬಂದರೆ ಕೆಲಸ ಮುಗಿಯಿತೇ? ಬೇಸಿಗೆಯಲ್ಲಿ ಒಣಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ತೋಳ, ಕತ್ತೆಕಿರುಬಗಳಿಗೆ ಸರ್ಕಾರಿ ಹಾಳೆ ಓದಲು ಬರುವುದಿಲ್ಲ, ಬೆಂಕಿಗೂ ಬರುವುದಿಲ್ಲ.

"ತೋಳ ಉಳಿಸಾಕ ನಾವ್ಯಾಕ್ರೀ ರೊಕ್ಕ ಕೊಡಬೇಕು? ಕುರಿ ಹೋದವನ ಗತಿ ಏನು?" ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಕೂಡಿದ ರೊಕ್ಕ ಮೊದಲು ಅಲ್ಲಿಗೇ ಹೋಗಬೇಕು. ಸರ್ಕಾರದ ಪರಿಹಾರಕ್ಕೆ ಅರ್ಜಿ ಬೇಕು, ಪಂಚನಾಮೆ ಬೇಕು, ದನದ ಡಾಕ್ಟರ ಚೀಟಿ ಬೇಕು. ಅದು ಕೈಗೆ ಬರುವ ತನಕ ಕುರಿಗಾರನ ಮನೆ ನಡೆಯಬೇಕಲ್ಲ? ಮರುದಿನವೇ ಅವನ ಕೈಗೆ ಒಂದಿಷ್ಟು ರೊಕ್ಕ ಬಿದ್ದರೆ ಸತ್ತ ಕುರಿಗೆ ವಿಷ ಸವರಿ ಇಡುವ ಯೋಚನೆ ಅವನಿಗೆ ಬರಲಾರದು. ಮಾಗಡಿ ಕೆರೆಯ ಸುತ್ತಲಿನ ರೈತರದ್ದೂ ಇದೇ ಪಾಡು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮೇಯುವುದು ಅವರ ಹೊಲದಲ್ಲಿಯೇ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಹೆಸರು ಕೆರೆಗೆ, ಹಾನಿ ರೈತನಿಗೆ ಎಂದಾಗಬಾರದು.

ಇಂಥ ನಡಿಗೆ ಹೊರಡುವುದಾದರೆ ಅದು ಕಣಗಿನಹಾಳದಿಂದಲೇ ಹೊರಡಬೇಕು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರ ಮೇ 8ರಂದು ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ನೋಂದಣಿಯಾದ ಊರು ಅದು. ಬಡ್ಡಿಯಲ್ಲಿ ಬೆಂದ ರೈತನಿಗೆ ಸಣ್ಣ ಸಣ್ಣ ಪಾಲು ಕೂಡಿಸಿ ಬಂಡವಾಳ ಮಾಡಿಕೊಳ್ಳುವ ದಾರಿ ತೋರಿಸಿದ ಊರಿಗೆ ಕಿಲೋಮೀಟರಿನ ರೂಪಾಯಿ ಕೂಡಿಸುವುದು ದೊಡ್ಡ ಮಾತಲ್ಲ. ಅಲ್ಲಿಂದ ಗದಗ ಹಾಯ್ದು ಡಂಬಳ, ಡೋಣಿ ಕಡೆಯಿಂದ ಗುಡ್ಡದ ಬುಡ ಮುಟ್ಟಬಹುದು. ಚಳಿಗಾಲದಲ್ಲಿ ನಡೆಯಲಿ, ಧಾಮದ ಹೊರಗಿನ ರಸ್ತೆಯಲ್ಲೇ ನಡೆಯಲಿ. ಲೌಡ್‌ಸ್ಪೀಕರು ಬೇಡ, ಪ್ಲಾಸ್ಟಿಕ್ ಬಾಟಲಿ ಬೇಡ.

ಆದರೆ ಒಂದು ಕರಾರು. ಪಟ್ಟಿ ಎತ್ತುವವರು ಬಂದರೆ ಅಂಗಡಿಯವರು ಮುಖ ಸಿಂಡರಿಸುವುದು ಸುಳ್ಳಲ್ಲ. ಕೊಟ್ಟದ್ದು ಪೆಂಡಾಲಿಗೆ ಹೋಯಿತೋ, ಹಾರಕ್ಕೆ ಹೋಯಿತೋ ಹೇಳುವವರಿಲ್ಲ. ಈ ನಡಿಗೆಯಲ್ಲಿ ಹಾಗಾಗಕೂಡದು. ಪ್ರತಿ ರೂಪಾಯಿಗೂ ಪಾವತಿ ಇರಲಿ. ಬಂದದ್ದೆಷ್ಟು, ಯಾವ ಕುರಿಗಾರನಿಗೆ ಎಷ್ಟು, ಬೆಂಕಿ ಕಾಯುವವರ ಕೂಲಿಗೆ ಎಷ್ಟು ಎಂಬ ಜಮಾ-ಖರ್ಚು ಒಂದು ತಿಂಗಳೊಳಗೆ ಗದುಗಿನ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಬರಲಿ. ಬಸ್ಸಿಗೆ ಕಾಯುವವರು ಓದಲಿ, ತಪ್ಪಿದ್ದರೆ ಕೇಳಲಿ.

ಹನಿ ಹನಿ ಕೂಡಿದರೆ ಹಳ್ಳ, ನಿಜ. ಹಳ್ಳ ಎಲ್ಲಿಗೆ ಹರಿಯಿತು ಎಂಬುದೂ ಹನಿ ಕೊಟ್ಟವನಿಗೆ ಗೊತ್ತಾಗಬೇಕು. ಅಷ್ಟು ಮಾಡಿದರೆ ಮರುವರ್ಷ ಕಾರ್ಡು ಹಿಡಿದು ಬಂದವನನ್ನು ಅಂಗಡಿಯವರೇ ಕರೆದು ಕೂಡ್ರಿಸಿ, ಚಹಾ ತರಿಸಿ ಸಹಿ ಹಾಕುತ್ತಾರೆ.