ಕಾಫಿಯೂ ಜಠರವೂ

ರಾಜಾಜಿಯವರು 1878ರಲ್ಲಿ ಜನಿಸಿದ ತೊರಪಲ್ಲಿ ಅಗ್ರಹಾರದಿಂದ ಹೊಸೂರಿನ ಪೇಟೆಯವರೆಗೆ, ಮನೆಮಾತು ಕನ್ನಡವಾಗಲಿ, ತಮಿಳಾಗಲಿ, ತೆಲುಗಾಗಲಿ, ನಮ್ಮ ಗಡಿನಾಡಿನ ಅನೇಕ ಮನೆಗಳಲ್ಲಿ ಬೆಳಗಾಗುವುದು ಕಾಫಿಯ ಪರಿಮಳದಿಂದ. "ಕಾಫಿ ಕುಡಿದರೆ ಎದೆ ಉರಿಯುತ್ತದೆ" ಎಂಬ ದೂರೂ ಅಷ್ಟೇ ಸಾಮಾನ್ಯ. ಇದರಲ್ಲಿ ಕಾಫಿಯ ಪಾಲೆಷ್ಟು, ನಮ್ಮ ಅಭ್ಯಾಸದ ಪಾಲೆಷ್ಟು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಮೊದಲು ಪುಡಿಯ ಮಾತು. ಅರೇಬಿಕಾ ಬೀಜದಲ್ಲಿ ಕೆಫೀನು ನೂರಕ್ಕೆ ಸುಮಾರು 1.2 ಭಾಗ, ರೊಬಸ್ಟಾದಲ್ಲಿ ಅದರ ಇಮ್ಮಡಿಗೆ ಸಮೀಪ. ಚಿಕೋರಿ ಬೇರಿನಲ್ಲಿ ಕೆಫೀನಿಲ್ಲ. ಆದರೆ ಅದರಲ್ಲಿರುವ ಇನ್ಯುಲಿನ್ ಎಂಬ ನಾರು ಕೆಲವರಿಗೆ ಹೊಟ್ಟೆಯುಬ್ಬರ ತರುತ್ತದೆ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕೆ ಕಡಿಮೆಯಿರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು ಎಂದು ಕಾನೂನಿದೆ. ಬಿಡಿಯಾಗಿ ಕೊಂಡ ಪುಡಿಯನ್ನು ಒಂದು ಚಿಟಿಕೆ ತಣ್ಣೀರಿನ ಲೋಟದ ಮೇಲೆ ಉದುರಿಸಿ ನೋಡಿರಿ: ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆಯೆಳೆಯುತ್ತ ಬೇಗನೆ ಮುಳುಗುತ್ತದೆ.

ಡಿಕಾಕ್ಷನ್ನನ್ನು ಬೇಕಾದಷ್ಟೇ ಇಳಿಸಿಕೊಳ್ಳುವುದು ಲೇಸು. ಬೆಳಗಿನದನ್ನು ಸಂಜೆ ಮತ್ತೆ ಕುದಿಸಿದರೆ ಪರಿಮಳ ಹಾರಿ ಕಹಿ ಉಳಿಯುತ್ತದೆ. ಆ ಕಹಿಯನ್ನು ಮುಚ್ಚಲು ಸಕ್ಕರೆ ಹೆಚ್ಚುತ್ತದೆ.

ಕಾಫಿಯು ಜಠರದ ಆಮ್ಲರಸವನ್ನು ಹೆಚ್ಚಿಸುತ್ತದೆ; ಹಲವರಲ್ಲಿ ದೊಡ್ಡ ಕರುಳನ್ನೂ ಚುರುಕುಗೊಳಿಸುತ್ತದೆ. ಎದೆಯುರಿ ಉಳ್ಳವರು ಅದನ್ನು ತಗ್ಗಿಸುವುದು ಸರಿಯೇ. ಆದರೆ ಜಠರದ ಹುಣ್ಣಿಗೆ ಕಾಫಿ ಮೂಲವಲ್ಲ. ಅದರ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜೀವಾಣು. ಇದನ್ನು ತೋರಿಸಿಕೊಟ್ಟ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇನ್ನೊಂದು ಕಾರಣ ಆಸ್ಪಿರಿನ್‌ನಂತಹ ನೋವಿನ ಗುಳಿಗೆಗಳು.

ನಮ್ಮ ಕಳವಳವಿರುವುದು ಇಲ್ಲಿಯೇ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿ ನಡುಹಗಲವರೆಗೆ ಎರಡು ಮೂರು ಲೋಟ ಕಾಫಿಯಿಂದಲೇ ಹಸಿವನ್ನು ಅಡಗಿಸುತ್ತಾಳೆ. ತಲೆ ಸಿಡಿದರೆ ಗುಳಿಗೆಯನ್ನೂ ಅದರೊಡನೆಯೇ ನುಂಗುತ್ತಾಳೆ. ಹೊಟ್ಟೆ ಉರಿದಾಗ ಅಪವಾದವೆಲ್ಲ ಕಾಫಿಗೆ. ಒಳಗಿನ ಹುಣ್ಣು ಮಾತ್ರ ಯಾರ ಗಮನಕ್ಕೂ ಬಾರದೆ ಬೆಳೆಯುತ್ತದೆ. ಕಾಫಿ ಹಸಿವನ್ನು ಮರೆಸಬಲ್ಲುದು, ಅನ್ನದ ಕೆಲಸ ಮಾಡಲಾರದು. ಒಂದು ಬಟ್ಟಲು ರಾಗಿ ಗಂಜಿಯೋ ಎರಡು ಇಡ್ಲಿಯೋ ಮೊದಲು ಹೊಟ್ಟೆ ಸೇರಲಿ. ಬರಿ ಹೊಟ್ಟೆಗೆ ನೋವಿನ ಗುಳಿಗೆ ಬೇಡ. ಪದೇ ಪದೇ ಬೇಕಾದರೆ ವೈದ್ಯರನ್ನು ಕೇಳಬೇಕು. ಉರಿ ವಾರಗಟ್ಟಲೆ ನಿಲ್ಲದಿದ್ದರೆ, ತೂಕ ಇಳಿದರೆ, ನುಂಗಲು ಕಷ್ಟವಾದರೆ ಕಾಫಿ ಬಿಟ್ಟು ನೋಡೋಣವೆಂದು ಕಾಲ ಕಳೆಯಬಾರದು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯ ತಾಯಿಯನ್ನು "ಕಾಫಿ ಆಯಿತೆ?" ಎಂದು ಕೇಳುವ ಬದಲು "ತಿಂಡಿ ಆಯಿತೆ?" ಎಂದು ಕೇಳುವ ವಾಡಿಕೆಯನ್ನು ಮನೆಮಂದಿಯೆಲ್ಲ ಬೆಳೆಸಿಕೊಳ್ಳಲಿ.