ಎಷ್ಟು ಎಲೆಕ್ಟ್ರಾನ್, ಎಷ್ಟು ಹೊತ್ತು?

ನಮ್ಮ ಸಾಹಿತ್ಯ ಸಂವಾದಗಳಲ್ಲಿ ಒಂದು ಮಾತು ಬಹಳ ಸಲೀಸಾಗಿ ಓಡಾಡುತ್ತಿದೆ: 'ನೋಡುವವನು ತಾನು ನೋಡುವುದನ್ನೇ ಬದಲಿಸಿಬಿಡುತ್ತಾನೆ, ಕ್ವಾಂಟಂ ವಿಜ್ಞಾನವೇ ಹೀಗೆ ಹೇಳುತ್ತದೆ.' ಬೆನ್ನಿಗೇ ಹೈಸೆನ್‌ಬರ್ಗ್ ಹೆಸರು. ಅದರ ಬೆನ್ನಿಗೆ, ಸತ್ಯ ಅನ್ನುವುದೇ ಇಲ್ಲ, ಇರುವುದೆಲ್ಲ ಅವರವರ ನೋಟ ಎಂಬ ತೀರ್ಮಾನ. ಸಭೆ ತಲೆದೂಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ವಸ್ತುಗಳು ಬದಲಾಗುವುದನ್ನು ನೋಡುವುದೇ ಕೆಲಸವಾಗಿರುವ ನನಗೆ ಮೈ ಉರಿಯುತ್ತದೆ. ಮಾತಿನ ಮೊದಲರ್ಧ ನಿಜವೇ. ಆದರೆ ಕಷ್ಟದ ಕೆಲಸ ಶುರುವಾಗುವುದು ಅಲ್ಲಿಂದ ಮುಂದೆ, ಇವರು ಅಲ್ಲಿಗೇ ನಿಲ್ಲಿಸಿ ಚಪ್ಪಾಳೆ ತೆಗೆದುಕೊಳ್ಳುತ್ತಾರೆ.

ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣದಿಂದ ನೋಡುವ ಉಪಕರಣವನ್ನು ರುಸ್ಕಾ ಮತ್ತು ನೋಲ್ ಬರ್ಲಿನ್‌ನಲ್ಲಿ 1931ರಲ್ಲಿ ಕಟ್ಟಿದರು. ಇವತ್ತಿನ ಯಂತ್ರಗಳಲ್ಲಿ ಎಲೆಕ್ಟ್ರಾನ್‌ಗಳನ್ನು 2 ಲಕ್ಷ, 3 ಲಕ್ಷ ವೋಲ್ಟ್‌ಗಳಲ್ಲಿ ಓಡಿಸಿ, 100 ನ್ಯಾನೋಮೀಟರಿಗಿಂತ ತೆಳ್ಳಗಿರುವ ಸ್ಯಾಂಪಲ್ಲಿನ ಮೂಲಕ ಹಾಯಿಸುತ್ತೇವೆ. ಅದನ್ನು ಒಳಗೇ ಕಾಯಿಸಬಹುದು, ಅದರ ಮೇಲೆ ಅನಿಲ ಹರಿಸಬಹುದು, ದ್ರವದಲ್ಲಿ ಮುಳುಗಿಸಿಡಬಹುದು. 2004ರಲ್ಲಿ ಡೆನ್ಮಾರ್ಕಿನ ಸಂಶೋಧಕರು ನಿಕ್ಕಲ್ ಕಣಗಳ ಮೇಲೆ ಇಂಗಾಲದ ಎಳೆ ಬೆಳೆಯುವುದನ್ನು ಪರಮಾಣುಗಳ ಮಟ್ಟದಲ್ಲಿ ತೋರಿಸಿದರು. ಘನರೂಪದ ಲೋಹದ ಕಣ, ಬೆಳೆಯುವ ಎಳೆಯೊಳಗೆ ಹುಳುವಿನ ಹಾಗೆ ಉದ್ದಕ್ಕೆ ಚಾಚಿಕೊಂಡು, ಇದ್ದಕ್ಕಿದ್ದಂತೆ ಮುದುಡಿ ಗುಂಡಗಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

2009ರಲ್ಲಿ ಬರ್ಕ್ಲಿಯಲ್ಲಿ ಪ್ಲಾಟಿನಂ ದ್ರಾವಣವನ್ನು ಎರಡು ತೆಳು ಕಿಟಕಿಗಳ ನಡುವೆ ಮುಚ್ಚಿಟ್ಟು, ಅದರಲ್ಲಿ ಪ್ಲಾಟಿನಂ ಹರಳುಗಳು ಹುಟ್ಟಿ, ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುವುದನ್ನು ಕಂಡರು. ಆ ಹರಳುಗಳನ್ನು ಹುಟ್ಟಿಸಿದ್ದು ಯಾವುದು? ನೋಡಲು ಬಿಟ್ಟ ಅದೇ ಎಲೆಕ್ಟ್ರಾನ್ ಕಿರಣ. ಸಂಶೋಧಕರು ಇದನ್ನು ಮುಚ್ಚಿಡಲಿಲ್ಲ. ನೋಟವೇ ಕ್ರಿಯೆಯನ್ನು ಶುರುಮಾಡಿತ್ತು, ಆದರೂ ಆ ಪ್ರಯೋಗ ಹರಳುಗಳು ಬೆಳೆಯುವ ಬಗೆಯ ಕುರಿತು ನಿಜವಾದದ್ದನ್ನೇ ಕಲಿಸಿತು.

ಇದರಲ್ಲಿ ಕ್ವಾಂಟಂ ಗೂಢವೇನೂ ಇಲ್ಲ. ಹೈಸೆನ್‌ಬರ್ಗ್ 1927ರಲ್ಲಿ ಹೇಳಿದ್ದು ಗಾಮಾ ಕಿರಣದ ಒಂದು ಕಾಲ್ಪನಿಕ ಸೂಕ್ಷ್ಮದರ್ಶಕದ ಕತೆ, ಅದರ ವಿವರಣೆಯಲ್ಲಿ ಬೋರ್ ಆಗಲೇ ತಪ್ಪು ಹಿಡಿದಿದ್ದರು. ನನ್ನ ಸ್ಯಾಂಪಲ್ ಕೆಡುವುದು ಬಿಸಿಲಿಗೆ ಹಾಕಿದ ಸೀರೆಯ ಬಣ್ಣ ಹೋಗುವಷ್ಟೇ ಸಾದಾ ರೀತಿಯಲ್ಲಿ. ಎಲೆಕ್ಟ್ರಾನ್ ಒಂದು ಪರಮಾಣುವಿಗೆ ಗುದ್ದಿ ಹೊರದಬ್ಬುತ್ತದೆ, ಇಲ್ಲವೇ ಬಂಧಗಳನ್ನು ಮುರಿಯುತ್ತದೆ. ನೀರಿದ್ದರೆ ನೀರನ್ನೇ ಒಡೆದು ಹೈಡ್ರೋಜನ್, ಪೆರಾಕ್ಸೈಡ್ ಹುಟ್ಟಿಸುತ್ತದೆ. ಗ್ರಾಫೀನಿನ ಪರಮಾಣುಗಳು ಕಿತ್ತುಹೋಗದಿರಲೆಂದು ವೋಲ್ಟೇಜನ್ನು 80 ಸಾವಿರಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸುತ್ತೇವೆ. ಆದರೆ ವೋಲ್ಟೇಜ್ ಇಳಿಸಿದಷ್ಟೂ ಬಂಧ ಮುರಿಯುವುದು ಹೆಚ್ಚು. ಒಂದಕ್ಕೆ ಮದ್ದು, ಇನ್ನೊಂದಕ್ಕೆ ವಿಷ.

ಹಾಗಂತ ಯಾರೂ ಕೈಚೆಲ್ಲಿ ಕೂರುವುದಿಲ್ಲ, ಲೆಕ್ಕ ಇಡುತ್ತಾರೆ. ಒಂದು ಚದರ ಆಂಗ್‌ಸ್ಟ್ರಮ್ ಜಾಗದ ಮೇಲೆ ಎಷ್ಟು ಎಲೆಕ್ಟ್ರಾನ್ ಬಿತ್ತು ಎಂಬುದಕ್ಕೆ ಡೋಸ್ ಅನ್ನುತ್ತೇವೆ. ಹೆಪ್ಪುಗಟ್ಟಿಸಿದ ಪ್ರೋಟೀನಿಗೆ ಕೆಲವು ಹತ್ತು ಎಲೆಕ್ಟ್ರಾನ್ ದಾಟಿದರೆ ಸೂಕ್ಷ್ಮ ವಿವರ ಅಳಿಸಿಹೋಗುತ್ತದೆ, ಅದಕ್ಕೇ ಲಕ್ಷಗಟ್ಟಲೆ ಮಸುಕು ಚಿತ್ರಗಳನ್ನು ಒಟ್ಟುಗೂಡಿಸಿ ಒಂದು ಸ್ಪಷ್ಟ ರೂಪ ಕಟ್ಟುತ್ತಾರೆ. ಈ ದಾರಿ ತೆರೆದ ಡುಬೋಶೆ, ಫ್ರಾಂಕ್, ಹೆಂಡರ್ಸನ್ ಅವರಿಗೆ 2017ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಇನ್ನೊಂದು ಪದ್ಧತಿಯಿದೆ, ನನಗೆ ಅದೇ ಹೆಚ್ಚು ಇಷ್ಟ. ಬೀಮ್ ಮುಚ್ಚಿ, ಅಷ್ಟೇ ಬಿಸಿ, ಅಷ್ಟೇ ಹೊತ್ತು ಕೊಟ್ಟು, ಆಮೇಲೆ ಅಲ್ಲಿಯವರೆಗೆ ಬೀಮ್ ಬಿದ್ದೇ ಇರದ ಪಕ್ಕದ ಜಾಗಕ್ಕೆ ಹೋಗಿ ನೋಡುವುದು. ಅಲ್ಲೂ ಅದೇ ಬದಲಾವಣೆ ಆಗಿದ್ದರೆ ಅದು ವಸ್ತುವಿನದು. ಆಗಿಲ್ಲದಿದ್ದರೆ ನನ್ನ ಕೈವಾಡ. ಬೇಜಾರು ಹಿಡಿಸುವ ಕೆಲಸ, ಇದರ ವಿಡಿಯೋ ಯಾರೂ ನೋಡುವುದಿಲ್ಲ.

ನಮ್ಮವರೂ ಸಾಚಾಗಳಲ್ಲ. ಪರಮಾಣುಗಳು ಕುಣಿಯುವ ವಿಡಿಯೋಗೆ ಹಿನ್ನೆಲೆ ಸಂಗೀತ ಕೂರಿಸಿ, ಡೋಸ್ ಎಷ್ಟೆಂದು ಒಂದು ಸಾಲೂ ಬರೆಯದೆ, 'ನಿಸರ್ಗ ನೇರಪ್ರಸಾರದಲ್ಲಿ' ಎಂದು ತೋರಿಸುವ ಭಾಷಣಗಳಲ್ಲಿ ನಾನು ಕೂತಿದ್ದೇನೆ. ಅವರು ಬೀಮನ್ನು ಮರೆಸುತ್ತಾರೆ. ಸಾಹಿತ್ಯದವರು ಬೀಮ್ ಇದೆಯೆಂದು ಒಪ್ಪಿಕೊಂಡೇ ಪಾರಾಗುತ್ತಾರೆ. ಲೆಕ್ಕ ಇಬ್ಬರಲ್ಲೂ ಇಲ್ಲ.

ಎರಡು ದಿನ ಹಾಡಿಗೆ ಹೋಗಿಬಂದು ಬರೆದ ಪುಸ್ತಕದ ಮುನ್ನುಡಿಯಲ್ಲಿ 'ನನ್ನ ನೋಟಕ್ಕೂ ಮಿತಿಗಳಿವೆ' ಎಂಬ ವಿನಯದ ಸಾಲು ಇರುತ್ತದೆ. ಅದನ್ನು ಬರೆಯಲು ಲೇಖಕರಿಗೆ ಏನೂ ಖರ್ಚಾಗಿಲ್ಲ. ಯಾವ ಮಿತಿ? ಜೊತೆಗೆ ಬಂದವರು ಯಾರು? ಅರಣ್ಯ ಇಲಾಖೆಯ ಜೀಪಿನಲ್ಲಿ ಹೋದಿರೋ, ನಡೆದು ಹೋದಿರೋ? ಫೋನ್ ಹೊರಗೆ ತೆಗೆಯುವ ಮುಂಚೆ ಆ ಅಜ್ಜಿ ಏನು ಹೇಳುತ್ತಿದ್ದರು?

ಮನುಷ್ಯರು ಪ್ಲಾಟಿನಂ ಅಲ್ಲ, ಅವರ ಮೇಲೆ ಬಿದ್ದ ನೋಟವನ್ನು ಚದರ ಆಂಗ್‌ಸ್ಟ್ರಮ್‌ನಲ್ಲಿ ಅಳೆಯಲಾಗದು ಎನ್ನುತ್ತೀರಿ. ಒಪ್ಪಿದೆ, ಮಾನ ಬೇರೆ. ಆದರೆ ಎಷ್ಟು ದಿನ ಎಂಬುದು ಸಂಖ್ಯೆಯೇ. ಯಾರ ಮನೆಯಲ್ಲಿ ಉಳಿದಿರಿ ಎಂಬುದಕ್ಕೆ ಒಂದು ಹೆಸರಿದೆ. ನೀವು ಹೋಗದ ಪಕ್ಕದ ಹಾಡಿಯೂ ಅಲ್ಲೇ ಇದೆ, ಹೋಗಿ ಕೇಳಬಹುದು.