ಉಮ್ಮನ ಬೆನ್ನು, ಮಕ್ಕಳ ತೀರ್ಮಾನ

ಸೊಂಟ ಹಿಡಿದಿದೆ, ಒಂದು ಕಾಲಿಗೆ ಜೋಮು, ಕೂತರೆ ಏಳಲಿಕ್ಕಾಗುವುದಿಲ್ಲ. ನಮ್ಮ ಮನೆಗಳಲ್ಲಿ ಉಮ್ಮಂದಿರ ಈ ಮಾತು ಹೊಸದೇನಲ್ಲ. ವರ್ಷಗಟ್ಟಲೆ ನೆಲದಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟು ಬೀಡಿ ಕಟ್ಟಿದ ಬೆನ್ನದು. ಎಂಆರ್‌ಐ ಮಾಡಿಸಿದಾಗ 'ಎಲ್4-ಎಲ್5 ಡಿಸ್ಕ್ ಬಲ್ಜ್' ಅಂತ ವರದಿ ಬರುತ್ತದೆ. ಅದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬಿದ್ದದ್ದೇ ತಡ, ಚರ್ಚೆ ಶುರು. ದುಬೈಯಲ್ಲಿರುವ ಮಗ, 'ಖರ್ಚು ಎಷ್ಟಾದರೂ ಆಗಲಿ, ಆಪರೇಷನ್ ಮಾಡಿಸಿ' ಅಂತಾನೆ. ಊರಲ್ಲಿರುವ ಅಳಿಯ, 'ಬೆನ್ನಿಗೆ ಕತ್ತಿ ಹಾಕಿದರೆ ಮತ್ತೆ ಏಳುವುದುಂಟಾ ಮಾರಾಯ್ರೆ' ಅಂತ ಎಣ್ಣೆ ಉಜ್ಜುವವರ ನಂಬರು ಕೊಡ್ತಾನೆ. ಉಮ್ಮನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಎರಡೂ ಕಡೆಯ ಅವಸರ ಒಳ್ಳೆಯದಲ್ಲ. ವಯಸ್ಸಾದಂತೆ ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಹಾಗಾಗಿ ಚಿಕಿತ್ಸೆ ಬೇಕಾಗಿರುವುದು ಫಿಲ್ಮಿಗಲ್ಲ, ಮನುಷ್ಯರಿಗೆ. ಡಿಸ್ಕ್ ನರವನ್ನು ಒತ್ತಿ ಬರುವ ಕಾಲುನೋವು ಔಷಧ, ಫಿಸಿಯೋಥೆರಪಿ, ನಿಧಾನ ನಡಿಗೆಯಿಂದ 6ರಿಂದ 12 ವಾರಗಳಲ್ಲಿ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ವಾರಗಟ್ಟಲೆ ಮಲಗಿಸಿಬಿಟ್ಟರೆ ಬೆನ್ನು ಇನ್ನಷ್ಟು ಸೋಲುತ್ತದೆ. ಅಷ್ಟಾದರೂ ನೋವು ಬಿಡದಿದ್ದರೆ ಆಪರೇಷನ್ ಕಾಲುನೋವನ್ನು ಬೇಗ ಇಳಿಸುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಬರೀ ಸೊಂಟನೋವಿಗೆ ಅದರಿಂದ ಅಷ್ಟೇ ಭರವಸೆ ಇಟ್ಟುಕೊಳ್ಳುವ ಹಾಗಿಲ್ಲ. ಈ ವ್ಯತ್ಯಾಸವನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ, ಬೇಕಿದ್ದರೆ ಇನ್ನೊಬ್ಬ ವೈದ್ಯರಿಗೂ ತೋರಿಸಿ.

ಕಾಯಲೇಬಾರದ ಸಂದರ್ಭವೂ ಉಂಟು. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಯ ಸಂದಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಆಗ ಉಜ್ಜುವುದು, ಎಳೆಯುವುದು ಬೇಡವೇ ಬೇಡ. ಇಂಥದ್ದನ್ನು ಉಮ್ಮಂದಿರು ನಾಚಿಕೆಯಿಂದ ಗಂಡುಮಕ್ಕಳ ಮುಂದೆ ಹೇಳುವುದಿಲ್ಲ. ಮಗಳೋ ಸೊಸೆಯೋ ಹತ್ತಿರ ಕೂತು ಕೇಳಬೇಕು.

ನಮ್ಮ ಅಭಿಪ್ರಾಯ ಇಷ್ಟೆ: ಬೆನ್ನು ಯಾರದ್ದೋ ಮೊದಲ ಮಾತು ಅವರದ್ದು. ಯಾವ ನೋವು ಸಹಿಸಬಹುದು, ಯಾವುದು ಸಾಧ್ಯವಿಲ್ಲ, ಏನು ಮಾಡಲು ಆಗಬೇಕು ಅಂತ ಅವರೇ ಹೇಳಲಿ. ನೆಲದಲ್ಲಿ ಸುಜೂದ್ ಮಾಡಲಾಗುತ್ತಿಲ್ಲ ಎಂಬ ಕೊರಗೇ ಕೆಲವರಿಗೆ ನೋವಿಗಿಂತ ದೊಡ್ಡದು. ಕುರ್ಚಿಯಲ್ಲಿ ಕೂತು ನಮಾಝ್ ಮಾಡಲು ರೋಗಿಗೆ ರಿಯಾಯಿತಿ ಇದೆ ಎಂದು ಸಮಾಧಾನ ಹೇಳುವುದೂ ಚಿಕಿತ್ಸೆಯೇ. ಇನ್ನು ಖರ್ಚು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಸಾಲಕ್ಕೆ ಓಡುವ ಮೊದಲು ಅದನ್ನು ವಿಚಾರಿಸಿ.

ಕೊನೆಗೊಂದು ಮಾತು. ಆಪರೇಷನ್ ಆದರೂ, ಆಗದೇ ಗುಣವಾದರೂ, ತಡ್ಪೆ ಪುನಃ ಮಡಿಲಿಗೆ ಬಂದರೆ ನೋವೂ ಬರಬಹುದು. 'ಬೀಡಿ ಬಿಡಿ ಉಮ್ಮ' ಅಂದರೆ ಅವರು ಬಿಡುವುದಿಲ್ಲ, ಯಾಕೆಂದರೆ ಆ ಮಜೂರಿ ಯಾರ ಮುಂದೆಯೂ ಕೈಚಾಚದೆ ಅವರು ಉಳಿಸಿಕೊಂಡ ಮರ್ಯಾದೆ. ಆಪರೇಷನ್ನಿಗೆ ಲಕ್ಷ ಕಳಿಸಲು ತಯಾರಿರುವ ಮಗ, ತಿಂಗಳು ತಿಂಗಳು ಆ ಮಜೂರಿಯಷ್ಟನ್ನು ಲೆಕ್ಕ ಕೇಳದೆ ಉಮ್ಮನ ಕೈಗೇ ತಲುಪಿಸಲಿ.